ತೊಂಬತ್ತು ಲೀಟರ್ ಡಿಕ್ಕಿ

"ಇದು ಡಿಕ್ಕಿನಾ? ನಾನು ಕನ್ನಡಕ ಇಡೋ ಡಬ್ಬಿ ಅಂದ್ಕೊಂಡೆ!"

ಟೈಲರಮ್ಮ ಕತ್ತಿನಲ್ಲಿ ನೇತಾಡುತ್ತಿದ್ದ ಟೇಪನ್ನು ಸರ್ರನೆ ಎಳೆದು ಕೆಂಪು ಕಾರಿನ ಹಿಂಭಾಗಕ್ಕೆ ಹಿಡಿದಳು. ವಾಚ್ ರಿಪೇರಿ ಮಾಡುವ ಅವಳ ಗಂಡ ಟೇಪಿಗೆ ಕೈ ಅಡ್ಡ ಹಿಡಿದ. ಈ ಎರಡೇ ಸೀಟಿನ ಕಾರಿಗಾಗಿ ಅವನು ಹನ್ನೊಂದು ವರ್ಷ ಕಂಡವರ ಗಡಿಯಾರಗಳ ಹೊಟ್ಟೆ ಬಗೆದಿದ್ದ. ಇವತ್ತು ಶೋರೂಮಿಗೆ ಹೊರಟರೆ, ಹೆಂಡತಿ ತನ್ನ ಹೊಲಿಗೆ ಅಂಗಡಿಯ ಗೊಂಬೆಯನ್ನೂ ಅಳತೆಗೆಂದು ಹೊತ್ತು ತಂದಿದ್ದಳು. ಹೊಲಿದ ಗೌನು ತೊಡಿಸಿ ಗಿರಾಕಿಗಳ ಮನೆಗೆ ಒಯ್ಯುವ ಆಳೆತ್ತರದ ಗೊಂಬೆ.

ಸೇಲ್ಸ್‌ಮನ್: ತೊಂಬತ್ತು ಲೀಟರ್ ಇದೆ, ಮೇಡಂ.

ಹೆಂಡತಿ: ಪೆಟ್ರೋಲ್ ಕೇಳಲಿಲ್ಲಪ್ಪ, ಡಿಕ್ಕಿ ಕೇಳಿದೆ.

ಸೇಲ್ಸ್‌ಮನ್: ಡಿಕ್ಕಿನೇ ತೊಂಬತ್ತು ಲೀಟರ್.

ಹೆಂಡತಿ: ಅಂದ್ರೆ ನಮ್ಮ ಗೊಂಬೆನ ಕರಗಿಸಿ ಸುರೀಬೇಕಾ?

ಗಂಡ: ಚಾವಣಿ ಮಡಚಿ ಅವಳನ್ನ ಪಕ್ಕದ ಸೀಟಲ್ಲಿ ನಿಲ್ಲಿಸಿದ್ರಾಯ್ತು ಕಣೇ.

ಹೆಂಡತಿ: ಓಹೋ, ಅಷ್ಟರಲ್ಲೇ 'ಅವಳು' ಆದ್ಲಾ! ಅವಳಿಗೆ ಸೀಟು. ನನಗೆ?

ಗಂಡ: ಬಸ್ಸು ಮನೆ ಮುಂದೇನೇ ನಿಲ್ಲುತ್ತಲ್ಲ...

ಅಂದವನೇ ನಾಲಿಗೆ ಕಚ್ಚಿಕೊಂಡ. ಸೇಲ್ಸ್‌ಮನ್ ಅವಸರವಾಗಿ ಮಧ್ಯೆ ಬಾಯಿ ಹಾಕಿದ.

ಸೇಲ್ಸ್‌ಮನ್: ಮೇಡಂ, ಕಾರಿನ ನಿಜವಾದ ಹುಚ್ಚರಿಗೆ ಸಾಮಾನೇ ಇರಲ್ಲ. ಒಂದು ಟೂತ್‌ಬ್ರಷ್ಷು, ಒಂದು ಕರ್ಚೀಫು.

ಹೆಂಡತಿ: ಮಿಕ್ಕಿದ್ದು?

ಸೇಲ್ಸ್‌ಮನ್: ಹಿಂದಿನ ವ್ಯಾನಲ್ಲಿ ಬರುತ್ತೆ.

ಹೆಂಡತಿ: ಯಾವ ವ್ಯಾನು?

ಸೇಲ್ಸ್‌ಮನ್: ಈ ಕಾರು ತಗೊಂಡವರೆಲ್ಲ ಜೊತೆಗೊಂದು ವ್ಯಾನೂ ತಗೋತಾರೆ, ಮೇಡಂ.

ಕೆಲಸ ಕೆಟ್ಟಿತೆಂದು ಗಂಡನಿಗೆ ಹೊಳೆಯಿತು.

ಗಂಡ: ಜಾಗ ಧಾರಾಳವಾಗಿದೆ ಕಣೇ! ನಾನೇ ಹಿಡಿಸ್ತೀನಿ, ನೋಡ್ತಿರು!

ತಡೆಯುವಷ್ಟರಲ್ಲಿ ಬೂಟು ಕಳಚಿ ಒಳಗಿಳಿದೇಬಿಟ್ಟ. ಮೊಣಕಾಲು ಗದ್ದಕ್ಕೆ ಬಂತು. ಎಡಗೈ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. "ಮುಚ್ಚು!" ಅಂದ. ಅವಳು ಟಪ್ಪನೆ ಮುಚ್ಚಿದಳು.

ಹೆಂಡತಿ: ಮದುವೆಯಾಗಿ ಇಷ್ಟು ವರ್ಷಕ್ಕೆ ನೀವು ಎಷ್ಟು ಲೀಟರ್ ಅಂತ ಗೊತ್ತಾಯ್ತು ನೋಡಿ!

ಗಂಡ (ಒಳಗಿಂದ): ತುಂಬಾ ಆರಾಮಾಗಿದೆ... ತೆಗಿ.

ಹೆಂಡತಿ: ಏನಂದ್ರಿ?

ಗಂಡ: ತೆಗಿಯೇ ಮಾರಾಯ್ತಿ!

ಡಿಕ್ಕಿ ತೆರೆಯುವ ಗುಂಡಿ ಡ್ರೈವರ್ ಸೀಟಿನ ಪಕ್ಕದಲ್ಲಿತ್ತು. ಅವಳು ಕೂತು, ಕೈಗೆ ಸಿಕ್ಕಿದ್ದನ್ನು ಒತ್ತಿದಳು. ಎಂಜಿನ್ ಗುಡುಗಿತು. ಕತ್ತಲಲ್ಲಿ ಮುದುಡಿದ್ದ ಗಂಡನಿಗೆ ಹೆಂಡತಿಯ ನಗು ಕೇಳಿಸಿತು. ಅಂಥ ನಗುವನ್ನು ಅವನು ಬಹಳ ವರ್ಷದಿಂದ ಕೇಳಿರಲಿಲ್ಲ. ಆದರೆ ಡಿಕ್ಕಿ ಮಾತ್ರ ತೆರೆಯಲಿಲ್ಲ.

ಕೊನೆಗೆ ಸೇಲ್ಸ್‌ಮನ್ನೇ ಡಿಕ್ಕಿ ತೆಗೆದು ಅವನನ್ನು ಎರಡು ಕಂತಿನಲ್ಲಿ ಹೊರಗೆಳೆದ. ಕತ್ತು ಒಂದೇ ಕಡೆ ನಿಂತುಬಿಟ್ಟಿತ್ತು.

ಗಂಡ: ನನಗೆ... ವ್ಯಾನ್ ತೋರಿಸಪ್ಪ.

ಹೆಂಡತಿ: ವ್ಯಾನು ಯಾರಿಗೆ ಬೇಕು ರೀ? ಗೊಂಬೆ ಹತ್ರ ನಿಂತಿರಿ. ಒಂದೇ ಒಂದು ಸುತ್ತು!

ಸೇಲ್ಸ್‌ಮನ್ ಓಡಿಹೋಗಿ ಪಕ್ಕದಲ್ಲಿ ಕೂತ. ಕಾರು ಚಿಮ್ಮಿತು. ಒಂದು ಸುತ್ತಾಯಿತು, ಎರಡಾಯಿತು. ಮೂರನೆಯ ಸಲ ಹಾರ್ನ್ ಹೊಡೆಯುತ್ತಾ ಹಾದುಹೋದಾಗ ಸೇಲ್ಸ್‌ಮನ್ ಕಣ್ಣು ಮುಚ್ಚಿಕೊಂಡಿದ್ದ. ಗಂಡ ಶೋರೂಮಿನ ಮೆಟ್ಟಿಲ ಮೇಲೆ ಗೌನು ತೊಟ್ಟ ಗೊಂಬೆಯ ಸೊಂಟ ಹಿಡಿದು, ಸೊಟ್ಟ ಕತ್ತಿನಲ್ಲೇ ನೋಡುತ್ತಿದ್ದ.

ಹಿಂದಿನಿಂದ ಕಾವಲುಗಾರ ಕುರ್ಚಿ ತಂದ.

"ಸರ್, ಮೇಡಂ ಆಗಿನಿಂದ ನಿಂತೇ ಇದ್ದಾರೆ. ಕೂತ್ಕೊಳ್ಳೋಕೆ ಹೇಳಿ."

"ಇವರೂ ಬಗ್ಗೋ ಪೈಕಿ ಅಲ್ಲಪ್ಪ," ಅಂದ ಗಂಡ. "ಕುರ್ಚಿ ನನಗೇ ಕೊಡು."