ಐದರಲ್ಲಿ ನಾಲ್ಕು ಪಾಲು ಸರ್ಕಾರದ್ದು

ನಮ್ಮ ಸೋದರಮಾವನಷ್ಟು ಸರ್ಕಾರಕ್ಕೆ ಮರ್ಯಾದೆ ಕೊಟ್ಟವರನ್ನು ನೀವು ಕಂಡಿರಲಾರಿರಿ. ಸ್ವಂತ ಮನೆಯಲ್ಲೂ ಕಿಟಕಿಯಾಚೆ ಮುಖ ಹಾಕಿ ಸೀನುತ್ತಿದ್ದರು, ಸರ್ಕಾರದ ಗೋಡೆಗೆ ಹನಿ ಸಿಡಿಯಬಾರದೆಂದು!

ಮಾವ ಶಿಡ್ಲಘಟ್ಟದಲ್ಲಿ ಮೇಷ್ಟರು. ಬಾಡಿಗೆ ಮನೆಗಳನ್ನು ಬದಲಾಯಿಸಿ ಬದಲಾಯಿಸಿ ಅತ್ತೆಗೆ ಸಾಕಾಗಿತ್ತು. ತನ್ನದು ಎನ್ನುವ ಒಂದು ಅಡುಗೆಮನೆ ಸಿಕ್ಕರೆ ಬೇರೇನೂ ಬೇಡ ಎನ್ನುತ್ತಿದ್ದರು. ಮೇಷ್ಟರ ಸಂಬಳದಲ್ಲಿ ಮನೆ ಎಲ್ಲಿಂದ ಬರಬೇಕು? ಪುಣ್ಯಕ್ಕೆ ಆಗ ಸರ್ಕಾರ ಕಡಿಮೆ ವರಮಾನದವರಿಗೆ ಮನೆ ಸಾಲ ಕೊಡಲು ಶುರುಮಾಡಿತ್ತು. ಖರ್ಚಿನ ಐದರಲ್ಲಿ ಒಂದು ಪಾಲು ನಾವು ಹಾಕಿದರೆ ಉಳಿದ ನಾಲ್ಕನ್ನು ಅದು ಹಾಕುತ್ತದೆ, ಸಾಲ ತೀರುವ ತನಕ ಮನೆ ಅದಕ್ಕೇ ಅಡಮಾನ. ಹಣವೂ ಒಟ್ಟಿಗೆ ಬರದು. ಪಾಯಕ್ಕೊಂದು ಕಂತು, ಗೋಡೆಗೊಂದು ಕಂತು, ಪ್ರತಿ ಸಲವೂ ಓವರ್‌ಸೀಯರ್ ಬಂದು ನೋಡಿ ಬರೆದುಕೊಳ್ಳಬೇಕು.

ಪಾಯವಾಯಿತು. ಮುಂದೆ ಗೋಡೆ ಏಳಬೇಕು ತಾನೆ? ಮಾವ ಅಡುಗೆಮನೆ ಬರಬೇಕಾದ ಜಾಗದಲ್ಲಿ ಒರಳುಕಲ್ಲು ಹೂಳಿಸಿದರು! ಅದು ಕೊನೆಯ ಕೆಲಸ ಸ್ವಾಮಿ ಎಂದು ಗಾರೆಯವನು ಬೇಡಿಕೊಂಡ. ಯಾರು ಕೇಳುತ್ತಾರೆ? ಓವರ್‌ಸೀಯರ್ ಬರುವ ಹೊತ್ತಿಗೆ ಗೋಡೆ ಮಂಡಿಯುದ್ದ, ಮೇಲೆ ಆಕಾಶ, ನಡುವೆ ಅತ್ತೆ ಸೆರಗು ಸಿಕ್ಕಿಸಿ ಚಟ್ನಿ ರುಬ್ಬುತ್ತಿದ್ದರು.

"ಇದನ್ನ ಯಾವ ಹಂತ ಅಂತ ಬರೀಲಿ ಮೇಷ್ಟ್ರೇ?"

"ಚಟ್ನಿ ಹಂತ ಅಂತ ಬರ್ಕೊಳ್ಳಿ ಸ್ವಾಮಿ."

ಓವರ್‌ಸೀಯರ್ ನಗಲಿಲ್ಲ. ಗೋಡೆ ಪೂರ್ತಿ ಏಳದೆ ಹಣವಿಲ್ಲವೆಂದು ಕಂತು ನಿಂತೇ ಹೋಯಿತು. ಮನೆ ಇಷ್ಟಕ್ಕೇ ನಿಲ್ಲುತ್ತದೇನೋ ಎಂದು ಅತ್ತೆ ಊಟ ಬಿಟ್ಟರು. ಮಾವ ಸ್ಕೂಲು ಬಿಟ್ಟೊಡನೆ ಪಂಚೆ ಎತ್ತಿ ಕಟ್ಟಿ, ಕೂಲಿ ಉಳಿಸಲು ತಾವೇ ಇಟ್ಟಿಗೆ ಹೊತ್ತರು. ಗೋಡೆ ಎದ್ದಿತು, ಕಂತೂ ಬಂತು. ಓವರ್‌ಸೀಯರ್ ಆ ಸಲ ಚಟ್ನಿ ಕೇಳಿ ಹಾಕಿಸಿಕೊಂಡರಂತೆ!

ಗೃಹಪ್ರವೇಶವಾದ ಮೇಲೆ ನಾನು ಹೈಸ್ಕೂಲು ಓದಲು ನಮ್ಮೂರು ಸಾದಲಿಯಿಂದ ಅಲ್ಲಿಗೆ ಬಂದೆ. ಬಂದ ಹೊಸತರಲ್ಲಿ ಕ್ಯಾಲೆಂಡರ್ ತೂಗುಹಾಕಲು ಮೊಳೆ ಹಿಡಿದೆ. ಮಾವ ಓಡಿ ಬಂದು ಸುತ್ತಿಗೆ ಕಿತ್ತುಕೊಂಡರು. ನಾಲ್ಕು ಪಾಲು ಸರ್ಕಾರದ್ದು, ನಮ್ಮದು ಅಡುಗೆಮನೆಯೊಂದೇ, ಬೇರೆಯವರ ಗೋಡೆಗೆ ಮೊಳೆ ಹೊಡೆಯಬಹುದೇ ಎಂದು ಪಾಠವಾಯಿತು. ಕ್ಯಾಲೆಂಡರ್ ಕುರ್ಚಿಯ ಮೇಲೆ ಬಿತ್ತು. ಏಕಾದಶಿ ಯಾವತ್ತೆಂದು ನೋಡಬೇಕಾದರೆ ಕೂತವರನ್ನು ಎಬ್ಬಿಸಬೇಕಾಗಿತ್ತು!

ಅದನ್ನಾದರೂ ಸಹಿಸಬಹುದು. ತಮ್ಮದೇ ಎನ್ನುತ್ತಿದ್ದ ಆ ಅಡುಗೆಮನೆಗೂ ಈ ಮಹಾರಾಯರು ಸುಮ್ಮನೆ ಹೋಗುತ್ತಿರಲಿಲ್ಲ. ಹೊಸಿಲಾಚೆ ನಿಂತು "ಒಳಗೆ ಬರ್ಲಾ?" ಎಂದು ಕೇಳುವುದು, ಅತ್ತೆ "ಬನ್ನಿ" ಎಂದರೆ ಮಾತ್ರ ಕಾಲಿಡುವುದು. ಒಂದು ನೀರಿನ ಲೋಟಕ್ಕೂ ಇದೇ ಶಾಸ್ತ್ರ! ಒಂದು ದಿನ ಅವರು ಹಾಗೆ ಕೇಳಿ ಹೊಸಿಲಲ್ಲಿ ಕಾಯುತ್ತಿದ್ದಾಗ ನಾನು ನಗುತ್ತಾ ಕೇಳಿಯೇಬಿಟ್ಟೆ.

"ಮಾವ, ಈ ಒಂದು ಪಾಲಾದ್ರೂ ನಿಮ್ದೇ ಅಲ್ವಾ?"

ಮಾವ ನಗಲಿಲ್ಲ.

"ನಂದೆಲ್ಲಿ ಬಂತಮ್ಮ, ಅವಳ್ದು. ಬಾಡಿಗೆ ಮನೆಗಳಲ್ಲಿ ಒಂದು ಹಿಡಿ ಅಕ್ಕಿ ರುಬ್ಬೋಕೂ ಅವಳು ಓನರ್ ಬಾಗ್ಲಲ್ಲಿ ನಿಂತು ಒರಳು ಕೇಳ್ತಿದ್ಲು. ಎಷ್ಟೋ ಸಲ ಇಲ್ಲ ಅನ್ನಿಸ್ಕೊಂಡು ಬಂದವ್ಳೆ, ನನಗೆ ಹೇಳ್ದೇನೇ. ಇನ್ಮೇಲೆ ಕೇಳೋದೇನಿದ್ರೂ ನಾನು ಕಣಮ್ಮ."

ಒಳಗಿನಿಂದ ಅತ್ತೆ "ಬನ್ನಿ" ಎಂದರು. ಮಾವ ಒಳಗೆ ಹೋದರು. ಈ ತಿಕ್ಕಲು ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ, ನಾನು ಹೊಸಿಲ ಈಚೆಯೇ ನಿಂತು ಅತ್ತುಬಿಟ್ಟೆ.