ಕರಕರ ನಿವಾರಣಾ ಯಂತ್ರ

ಜನವರಿ ತಿಂಗಳಲ್ಲಿ, ಅದೂ ಮಿಷಿಗನ್ನಿನ ನಾರ್ತ್‌ವಿಲ್‌ನಲ್ಲಿ, ತಲೆ ನೆಟ್ಟಗಿರುವ ಯಾರಾದರೂ ಅಂಗಳದ ಹಿಮ ತಳ್ಳುವ ಸ್ನೋ ಬ್ಲೋವರನ್ನು ಇನ್ನೊಬ್ಬರಿಗೆ ದಾಟಿಸಿ, ಬದಲಿಗೆ ಅಂಗೈಯಗಲದ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆಯೇ? ನೀವೇ ಹೇಳಿ. ನಿರಂಜನ ಬಂದ. ಬಂದವನು ನಾಚಿಕೊಂಡನೇ ಎಂದರೆ ಅದೂ ಇಲ್ಲ. ಹೊಸ ಮದುವಣಿಗನ ಹಾಗೆ ನಗುತ್ತಾ ನೆಟ್ಟಗೆ ಬೇಸ್‌ಮೆಂಟಿಗೆ ಇಳಿದ.

ಡಬ್ಬಿಯ ಹೆಸರು ಈಕ್ವಲೈಸರ್. ಮುಂದುಗಡೆ ನಾಲ್ಕು ಗುಂಡಿ. ಎಡಗಡೆಯದನ್ನು ತಿರುಗಿಸಿದರೆ ಮೃದಂಗದ ಗುಂ ಎನ್ನುವ ಸದ್ದು ಏರುತ್ತದೆ, ಇಳಿಯುತ್ತದೆ. ಬಲಗಡೆಯ ಕೊನೆಯದು ತಾಳದ ಚಿಣ್ ಎನ್ನುವ ಸದ್ದಿನದು. ನಡುವಿನವೆರಡು ಮನುಷ್ಯರ ದನಿಯವು. ಕಂಪ್ಯೂಟರಿನ ಗೊಡವೆಯಿಲ್ಲ, ಪರದೆಯಿಲ್ಲ, ಎರಡು ಬೆರಳಿದ್ದರೆ ಸಾಕು. ಕೊಟ್ಟವರು ಎದುರುಮನೆಯ ರವಿಶಂಕರ, ಧಾರವಾಡದವರು. ಅವರ ಬೇಸ್‌ಮೆಂಟಿನಲ್ಲಿ ಹೆಡ್‌ಫೋನುಗಳು ಬಾಳೆಗೊನೆಯ ಹಾಗೆ ನೇತಾಡುತ್ತಿದ್ದವು. ಆದರೆ ಹಿಮ ತೆಗೆಯಲು ಅವರ ಬಳಿ ಮುರುಕು ಸಲಿಕೆಯೊಂದೇ ಇತ್ತು. ಹಾಗಾಗಿ ವ್ಯವಹಾರ ಕುದುರಿತು.

ಇಷ್ಟಕ್ಕೂ ಈ ಡಬ್ಬಿ ಯಾಕೆ ಬೇಕಾಯಿತು ಎಂದು ಕೇಳುತ್ತೀರಿ. ಹೆಂಡತಿಗಾಗಿ. ಹೆಂಡತಿಗೆ ಕೊಡಲು ಅಲ್ಲ, ಹೆಂಡತಿಯನ್ನು ಕೇಳಲು.

ರಿಸೆಷನ್ ಕಾಲ ಅದು. ಡೆಟ್ರಾಯಿಟ್ ಸುತ್ತಮುತ್ತ ಒಂದೊಂದೇ ಕಾರ್ಖಾನೆ ಬಾಗಿಲೆಳೆಯುತ್ತಿತ್ತು. ಕನ್ನಡದವರು ದೇವಸ್ಥಾನದಲ್ಲಿ ಸಿಕ್ಕರೆ 'ಚೆನ್ನಾಗಿದೀರಾ' ಎನ್ನುವುದನ್ನು ಬಿಟ್ಟು 'ಎಲ್ಲೆಲ್ಲಿ ಅಪ್ಲೈ ಮಾಡಿದೀರಿ' ಎಂದು ಕೇಳುತ್ತಿದ್ದರು. ನಿರಂಜನ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಸದ್ದು ಅಡಗಿಸುವ ಇಂಜಿನಿಯರ್. ಹಾಗೂ ಒಂದು ಕೆಲಸ ಇರುತ್ತದೆಯೇ ಎಂದು ನಗಬೇಡಿ. ಹೊಸ ಕಾರಿನಲ್ಲಿ ಎಲ್ಲೋ ಕಿರ್ ಎನ್ನುತ್ತದೆ, ಇನ್ನೆಲ್ಲೋ ಕಟಕಟ ಎನ್ನುತ್ತದೆ. ಅದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೊಟ್ಟು ಹುಡುಕಿ ಅದರ ಸೊಲ್ಲಡಗಿಸುವುದು ಅವನ ವೃತ್ತಿ. ಒಂದು ಶುಕ್ರವಾರ ಕಂಪನಿ ಅವನ ಸೊಲ್ಲನ್ನೇ ಅಡಗಿಸಿತು.

ಕೆಲಸ ಸಿಕ್ಕಿದ್ದು ಹೆಂಡತಿ ಮಂಜರಿಗೆ, ಅದೂ ಶಿಕಾಗೋ ಪಕ್ಕದ ಓಕ್ ಬ್ರೂಕ್‌ನ ಆಫೀಸಿನಲ್ಲಿ. ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ, ಮಗಳು ತನಿಷಾಳ ಹೈಸ್ಕೂಲು ಬಿಡಿಸುವ ಹಾಗಿಲ್ಲ. ಹಾಗಾಗಿ ಮಂಜರಿ ಆಫೀಸಿನ ಹತ್ತಿರದ ನೇಪರ್‌ವಿಲ್‌ನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದು, ವಾರ ಬಿಟ್ಟು ವಾರ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಶನಿವಾರ ಬಂದು ಭಾನುವಾರ ಹೊರಡುತ್ತಿದ್ದಳು. ಸಾಲದ್ದಕ್ಕೆ ಅಲ್ಲಿಯ ಗಡಿಯಾರ ಇಲ್ಲಿಯದಕ್ಕಿಂತ ಒಂದು ಗಂಟೆ ಹಿಂದೆ. ಇವನು ಊಟಕ್ಕೆ ಕೂತಾಗ ಅವಳು ಆಫೀಸಿನಲ್ಲಿ. ಅವಳು ಒಬ್ಬಳೇ ತಟ್ಟೆಯ ಮುಂದೆ ಕೂತಾಗ ಇಲ್ಲಿ ಪಾತ್ರೆ ತೊಳೆದಾಗಿರುತ್ತಿತ್ತು. (ತೊಳೆದಾಯಿತು ಎಂದು ಅವನು ಫೋನಿನಲ್ಲಿ ಹೇಳುತ್ತಿದ್ದ.)

ಮನೆ ಭಣಭಣ. ಸದ್ದಡಗಿಸಿಯೇ ಅನ್ನ ಸಂಪಾದಿಸಿದವನಿಗೆ ಈಗ ಸದ್ದಿಲ್ಲದ ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯದು. ಅವಳಿದ್ದಾಗ 'ಸ್ವಲ್ಪ ಮೆತ್ತಗೆ ಮಾತಾಡೇ' ಎನ್ನುತ್ತಿದ್ದವನು, ಈಗ ಫೋನಿನಲ್ಲಿ ಅವಳು ಯಾವಾಗಲೋ ಬಿಟ್ಟಿದ್ದ ಮೆಸೇಜೊಂದನ್ನು ಅಳಿಸದೆ ಇಟ್ಟುಕೊಂಡು ಕೇಳುತ್ತಿದ್ದ. ಅದರಲ್ಲಿ ಅವಳು ಹಾಲು ತರಲು ಮರೆತದ್ದಕ್ಕೆ ಬೈದಿದ್ದಳು. ಹಾಲಿನ ವಿಷಯವನ್ನು ಒಬ್ಬ ಮನುಷ್ಯ ಎಷ್ಟು ಸಲ ಕೇಳಬಹುದು?

ಇಂಥ ಹೊತ್ತಿನಲ್ಲಿ ಹಳೆಯ ಸೂಟ್‌ಕೇಸಿನಲ್ಲಿ ಆ ಕ್ಯಾಸೆಟ್ ಸಿಕ್ಕಿತು. ನಿರಂಜನ ಮೈಸೂರಿನ ಒಂಟಿಕೊಪ್ಪಲಿಗೆ ಹೆಣ್ಣು ನೋಡಲು ಹೋದ ದಿನದ್ದು. ಮಾವನವರು ಆಗಷ್ಟೇ ಟೇಪ್‌ರೆಕಾರ್ಡರ್ ಕೊಂಡಿದ್ದರು. ಮನೆಯಲ್ಲಿ ಯಾರಾದರೂ ಕೆಮ್ಮಿದರೂ ರೆಕಾರ್ಡ್ ಮಾಡುವ ಹುರುಪು. ಮಗಳು ಗಂಡಿನ ಕಡೆಯವರ ಮುಂದೆ ದೇವರನಾಮ ಹಾಡುವಾಗ ಬಿಡುತ್ತಾರೆಯೇ? ಟೀಪಾಯಿಯ ಮೇಲೆ, ತಿಂಡಿ ತಟ್ಟೆಯ ಪಕ್ಕದಲ್ಲೇ ಅದನ್ನಿಟ್ಟು ಗುಂಡಿ ಒತ್ತಿದ್ದರು.

ಆ ಹಾಡಿನ ನಡುವೆ, ತಡೆಯಲಾರದೆ, ತಾನು 'ತುಂಬಾ ಚೆನ್ನಾಗಿದೆ' ಎಂದುಬಿಟ್ಟೆ ಎಂಬುದು ನಿರಂಜನನ ಜೀವನದ ಏಕೈಕ ವೀರಗಾಥೆ. ಯಾವ ಕನ್ನಡ ಮನೆಗೆ ಊಟಕ್ಕೆ ಹೋದರೂ ಪಾಯಸದ ಜೊತೆಗೆ ಈ ಕಥೆಯೂ ಬರುತ್ತಿತ್ತು. ಹಿರಿಯರ ಎದುರಿಗೇ ಹುಡುಗಿಯ ಹಾಡು ಮೆಚ್ಚಿ ಬಾಯಿಬಿಡುವ ಗಂಡು ಆ ಕಾಲದಲ್ಲಿ ಎಲ್ಲಿದ್ದ, ಅದಕ್ಕೇ ಇವಳು ನನ್ನನ್ನು ಒಪ್ಪಿದ್ದು ಎಂದು ಮುಗಿಸುತ್ತಿದ್ದ. ಮಂಜರಿ ಆಗೆಲ್ಲ ಪಾಯಸದ ಬಟ್ಟಲನ್ನೇ ನೋಡುತ್ತಾ ಕೂತಿರುತ್ತಿದ್ದಳು. ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ಮಾತ್ರ ಅವನು ಕೇಳಿರಲಿಲ್ಲ. ಈಗ ಆ ದನಿ ಬೇಕೆನಿಸಿತು, ಹಸಿವಾದ ಹಾಗೆ ಬೇಕೆನಿಸಿತು.

ಹಳೆಯ ಕ್ಯಾಸೆಟ್ ಡೆಕ್ಕಿಗೆ ಹಾಕಿ ಹೆಡ್‌ಫೋನ್ ಏರಿಸಿದ. ಮಂಜರಿ ಹಾಡಿದಳು. ಹೆದರಿಕೆಯಿಂದ ಸ್ವಲ್ಪ ನಡುಗುವ, ಆದರೂ ಹಟ ಬಿಡದ ದನಿ. ನಿರಂಜನನ ಕಣ್ಣು ತುಂಬಿತು. ಅಷ್ಟರಲ್ಲಿ ಕರಕರ. ಪಲ್ಲವಿಯಲ್ಲಿ ಕರಕರ, ಚರಣದಲ್ಲಿ ಕರಕರ, ಅವಳು ದನಿ ಮೇಲಕ್ಕೆ ಒಯ್ದಲ್ಲೆಲ್ಲ ಇನ್ನೂ ಜೋರಾಗಿ ಕರಕರ. 'ತುಂಬಾ ಚೆನ್ನಾಗಿದೆ' ಕೂಡ ಕೇಳಿಸಿತು, ಹಾಡಿನ ಅಡಿಯಲ್ಲಿ ಹೂತುಹೋದ ಹಾಗೆ, ಹಿಂದೆಮುಂದೆ ಏನೂ ತಿಳಿಯದ ಹಾಗೆ. ಅದೊಂದೇ ಸಮಾಧಾನ.

ಆ ಕರಕರವನ್ನು ನಿರ್ನಾಮ ಮಾಡಿ, ಮುಂದಿನ ಸಲ ಬಂದಾಗ ಹೆಂಡತಿಗೆ ಅವಳ ಹಾಡನ್ನು ಅಪ್ಪಟವಾಗಿ ಕೇಳಿಸುತ್ತೇನೆಂದು ಅವನು ಪಣ ತೊಟ್ಟ. ಸದ್ದಡಗಿಸುವ ಇಂಜಿನಿಯರ್ ಅಲ್ಲವೇ? ಸ್ನೋ ಬ್ಲೋವರ್ ಎದುರುಮನೆಗೆ ಹೋದದ್ದು ಹೀಗೆ. ಈಕ್ವಲೈಸರ್ ಬಂದ ಸುದ್ದಿಯನ್ನಷ್ಟೇ ಮಂಜರಿಗೆ ಹೇಳಿದ. ಎಲ್ಲವನ್ನೂ ಈಕ್ವಲ್ ಮಾಡುವುದಾದರೆ ಪಾತ್ರೆ ತೊಳೆಯುವುದೂ ಅದರಲ್ಲಿ ಬರುತ್ತದೆಯೇ ಎಂದು ಅವಳು ವಿಚಾರಿಸಿದಳು.

ಡೆಕ್ಕು, ಅದರಿಂದ ಈಕ್ವಲೈಸರ್, ಅದರಿಂದ ಪುಟ್ಟ ಆಂಪ್ಲಿಫೈಯರ್, ಅದರಿಂದ ಹೆಡ್‌ಫೋನ್: ಕೆಲಸಕ್ಕೆ ಅಪ್ಲೈ ಮಾಡಬೇಕಾದ ಮೇಜಿನ ಮೇಲೆ ಪ್ರಯೋಗಶಾಲೆ ಎದ್ದಿತು. ಬಲಗಡೆಯ ಗುಂಡಿ ಇಳಿಸಿದರೆ ಕರಕರ ಅಡಗುತ್ತಿತ್ತು. ಆದರೆ ಮಂಜರಿಯೂ ಕಂಬಳಿ ಹೊದ್ದುಕೊಂಡು ಹಾಡುವವಳ ಹಾಗೆ ಮಂಕಾಗುತ್ತಿದ್ದಳು. ಏರಿಸಿದರೆ ಮಂಜರಿ ಪಕ್ಕದಲ್ಲೇ ಬಂದು ಕೂತ ಹಾಗೆ, ಕರಕರವೂ ತೊಡೆಯೇರಿ ಕೂತ ಹಾಗೆ. ಎರಡೂ ಒಂದೇ ಗುಂಡಿಯಲ್ಲಿ ಸಿಕ್ಕಿಕೊಂಡಿದ್ದವು. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯಲು ಬರುತ್ತಿರಲಿಲ್ಲ.

ಸಲಹೆಗೆ ರವಿಶಂಕರ ಬಂದರು. ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಟ್ಟರು. “ನಿಮ್ಮ ಮನಿ ಕರೆಂಟೇ ಹೊಲಸ ಅದ ರೀ. ಫರ್ನೇಸ್ ಬಂದ್ ಮಾಡಿ ಕೇಳ್ರಿ.”

ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ನಿರಂಜನ ಮನೆ ಬೆಚ್ಚಗಿಡುವ ಫರ್ನೇಸ್ ಆರಿಸಿದ. ಸ್ವಲ್ಪ ಹೊತ್ತಿಗೆ ತನಿಷಾ ಕೋಟು, ಟೋಪಿ, ಅದರ ಮೇಲೆ ರಜಾಯಿ ಹೊದ್ದು ಬೇಸ್‌ಮೆಂಟಿಗೆ ಇಳಿದು ಬಂದಳು. ಮನೆ ಯಾಕೆ ಫ್ರಿಜ್ ಆಗಿದೆ ಎಂಬ ಅವಳ ಪ್ರಶ್ನೆಗೆ ಅಪ್ಪ ಉತ್ತರವಾಗಿ ಹೆಡ್‌ಫೋನ್ ಕೊಟ್ಟ. ಅವಳು ಒಂದು ಚರಣ ಕೇಳಿ ತೆಗೆದಿಟ್ಟಳು. “ಅಪ್ಪಾ, ಸಮ್‌ಬಡಿ ಈಸ್ ಈಟಿಂಗ್” ಎಂದು ಹೇಳಿ, ಮೇಲೆ ಹೋಗಿ ಫರ್ನೇಸ್ ಹಾಕಿದಳು.

ನಿರಂಜನನಿಗೆ ಜ್ಞಾನೋದಯವಾಯಿತು. ಹೌದು, ಕೋಡುಬಳೆ. ಆವತ್ತು ತಟ್ಟೆಯಲ್ಲಿ ಇದ್ದದ್ದು ಕೋಡುಬಳೆಯೇ. ತಟ್ಟೆಯ ಹತ್ತಿರ ಇದ್ದವರು ಇಬ್ಬರು, ತಾನು ಮತ್ತು ಮಾವ. ತಾನಂತೂ ಹಾಡಿನಲ್ಲಿ ಮೈಮರೆತಿದ್ದ. ಉಳಿದವರು ಯಾರು? ತರ್ಕ ಇಷ್ಟು ಶುದ್ಧವಾಗಿರುವಾಗ ತಡವೇಕೆ ಎಂದು ಹೆಂಡತಿಗೆ ಫೋನ್ ಹಚ್ಚಿದ.

“ಮಂಜು, ನಿನ್ನ ಹಾಡು ಹಾಳು ಮಾಡಿದ್ದು ಯಾರು ಗೊತ್ತಾ? ನಿಮ್ಮಪ್ಪ. ಹಾಡು ಮುಗಿಯೋವರೆಗೂ ಕೋಡುಬಳೆ ತಿಂದಿದಾರೆ.” ತೀರಿಹೋದವರ ಬಗ್ಗೆ ಹಾಗೆ ಹೇಳಬಾರದು ನಿಜ, ಆದರೆ ಮಗಳ ಹಾಡಿಗೆ ಒಂದಿಷ್ಟಾದರೂ ಮರ್ಯಾದೆ ಬೇಡವೇ ಎಂದೂ ಸೇರಿಸಿದ.

ಎಲ್ಲವನ್ನೂ ಕೇಳಿಸಿಕೊಂಡ ಮಂಜರಿ, “ಶನಿವಾರ ಬರ್ತೀನಲ್ಲ, ನಾನೂ ಕೇಳ್ತೀನಿ” ಎಂದಳು.

ಶುಕ್ರವಾರ ಶುರುವಾದ ಹಿಮ ಶನಿವಾರವೂ ನಿಲ್ಲಲಿಲ್ಲ. ಮಂಜರಿಯ ಕಾರು ಇಡೀ ದಾರಿಯನ್ನು ಗೆದ್ದು ಬಂದು ಸ್ವಂತ ಮನೆಯ ಡ್ರೈವ್‌ವೇ ಬಾಯಲ್ಲಿ ಹೂತು ನಿಂತಿತು. ನಿರಂಜನ ಸಲಿಕೆ ಹಿಡಿದು ಓಡಿದ. (ವ್ಯವಹಾರದಲ್ಲಿ ರವಿಶಂಕರರ ಮುರುಕು ಸಲಿಕೆ ಇವನ ಪಾಲಿಗೆ ಬಂದಿತ್ತು.) ಅವಳು ಕಿಟಕಿ ಇಳಿಸಿ ಸಲಿಕೆಯನ್ನು ನೋಡಿದಳು, ಗಂಡನನ್ನು ನೋಡಿದಳು.

“ರೀ, ಸ್ನೋ ಬ್ಲೋವರ್ ಏನಾಯ್ತು?”

“ಅದು ಈಕ್ವಲೈಸರ್ ಆಯ್ತು.”

ಎದುರುಮನೆಯ ಡ್ರೈವ್‌ವೇ ಮಾತ್ರ ಸಾರಿಸಿಟ್ಟ ಹಾಗೆ ಹೊಳೆಯುತ್ತಿತ್ತು. ಮಂಜರಿ ಅದನ್ನೂ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಿತವಾಗುತ್ತಿತ್ತು. ಮೊಣಕಾಲುದ್ದದ ಹಿಮ ತುಳಿದುಕೊಂಡು ಒಳಗೆ ಬಂದು, ಕೋಟು ಕೂಡ ಬಿಚ್ಚದೆ ಬೇಸ್‌ಮೆಂಟಿಗೆ ಇಳಿದು, ಎಲ್ಲಿ ಕೇಳಿಸಿ ಎಂದಳು.

ಕೇಳುತ್ತಾ ಕೇಳುತ್ತಾ ಅವಳ ಕೈ ಗುಂಡಿಗಳ ಮೇಲೆ ಹೋಯಿತು. ನಿರಂಜನ ಇಷ್ಟು ದಿನವೂ ಬಲಗಡೆಯ ಗುಂಡಿಯ ಜೊತೆಯೇ ಗುದ್ದಾಡಿದ್ದ. ಅವಳು ನಡುವಿನ ಗುಂಡಿಯೊಂದನ್ನು ಪೂರ್ತಿ ಏರಿಸಿದಳು. ತುಟಿ ಕೊಂಚ ಅಲುಗಿತು. ಟೇಪನ್ನು ಹಿಂದಕ್ಕೆ ಓಡಿಸಿ, ಹೆಡ್‌ಫೋನ್ ತೆಗೆದು, ಗಂಡನ ತಲೆಗೆ ಅವಳೇ ತೊಡಿಸಿದಳು.

ಹಾಡಿನ ಅಡಿಯಲ್ಲಿ ಹೂತುಹೋಗಿದ್ದ ಗಂಡುದನಿ ಮೇಲೆದ್ದು ಬಂತು. ಹಿಂದೆಮುಂದೆ ಎಲ್ಲವೂ ಸ್ಪಷ್ಟ. “ಕೋಡುಬಳೆ ತುಂಬಾ ಚೆನ್ನಾಗಿದೆ. ಇನ್ನೆರಡು ಹಾಕಿ.” ದನಿ ಯಾರದೆಂದು ಅನುಮಾನಪಡಲು ಜಾಗವೇ ಇರಲಿಲ್ಲ. ಆಮೇಲೆ ಕರಕರ.

ನಿರಂಜನ ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಹೆಂಡತಿಯ ಮುಖ ನೋಡಬೇಕಾಗುತ್ತಿತ್ತು. ಅವಳೇ ತೆಗೆದಳು. “ನಮ್ಮಪ್ಪನಿಗೆ ಆಗಲೇ ಕಟ್ಟಿಸಿದ ಹಲ್ಲು ರೀ. ಕೋಡುಬಳೆನ ಕಾಫಿಗೆ ಅದ್ದಿಕೊಂಡು ತಿನ್ನೋರು” ಎಂದಳು.

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಎದುರಿಗೇ ಕೂತು ಹಾಡಿದವಳಿಗೆ ಗೊತ್ತಿರದೆ ಇರುತ್ತದೆಯೇ? ಇಷ್ಟು ವರ್ಷಗಳ ಪಾಯಸಗಳೆಲ್ಲ ನಿರಂಜನನ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಹಾಗಾದರೆ ಯಾಕೆ ಒಪ್ಪಿದೆ ಎಂದು ಸಣ್ಣ ದನಿಯಲ್ಲಿ ಕೇಳಿದ.

“ಕೋಡುಬಳೆ ಮಾಡಿದ್ದು ನಾನು. ಹಾಡು ಅಮ್ಮನ ಬಲವಂತ. ಹಾಡನ್ನ ಬಂದೋರೆಲ್ಲ ಚೆನ್ನಾಗಿದೆ ಅಂತ ಹೇಳಿ ಎದ್ದು ಹೋಗೋರು, ಆಮೇಲೆ ಸುದ್ದಿಯೇ ಇರ್ತಿರಲಿಲ್ಲ. ಕೋಡುಬಳೆ ಕೇಳಿ ಹಾಕಿಸ್ಕೊಂಡೋರು ನೀವೊಬ್ರೇ.”

“ಮತ್ತೆ ಮದುವೆ ಆದ್ಮೇಲೆ ಯಾಕೆ ಹಾಡಲಿಲ್ಲ?”

“ನೀವು ಕಥೆ ಹೇಳ್ತಿದ್ರಿ. ಹಾಡು ಅಂತ ಯಾವತ್ತು ಕೇಳಿದ್ರಿ?”

ನಿರಂಜನ ನೆನಪಿನ ಮೂಲೆಮೂಲೆ ತಡಕಿದ. ಒಂದು ಸಲವಾದರೂ ಕೇಳಿರಬೇಕಲ್ಲ. ಇರಲಿಲ್ಲ. ಆಗಲಾದರೂ ಕೇಳಬಹುದಿತ್ತು. ಕೇಳುವುದು ಬಿಟ್ಟು ನಾಲ್ಕು ಗುಂಡಿಗಳನ್ನೂ ಒಂದೊಂದಾಗಿ ಮೊದಲಿನ ಜಾಗಕ್ಕೆ ತಿರುಗಿಸಿದ.

ಭಾನುವಾರ ಮಂಜರಿ ಒಂದು ಡಬ್ಬಿ ಕೋಡುಬಳೆ ಕರಿದಿಟ್ಟಳು. ಹೊರಡುವಾಗ ಕಾರಿನ ಹಿಂದಿನ ಸೀಟಿನಲ್ಲಿ ಡೆಕ್ಕು, ಕ್ಯಾಸೆಟ್, ಈಕ್ವಲೈಸರ್, ಆಂಪ್ಲಿಫೈಯರ್, ಹೆಡ್‌ಫೋನ್ ಎಲ್ಲವನ್ನೂ ಜೋಡಿಸಿಕೊಂಡಳು. ಹಾಡು ಕೇಳಲಿಕ್ಕೆಂದು ಅವನು ತಿಳಿದ. ಹಾಡು ಯಾರಿಗೆ ಬೇಕು ಎಂದಳು. “ಅಲ್ಲಿ ಊಟಕ್ಕೆ ಕೂತ್ರೆ ನನ್ನ ಹಲ್ಲಿನ ಸದ್ದು ಬಿಟ್ರೆ ಬೇರೆ ಸದ್ದೇ ಇರಲ್ಲ ರೀ.” ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಿರಂಜನ ಸಲಿಕೆ ಊರಿಕೊಂಡು ನಿಂತೇ ಇದ್ದ. ಹೆಂಡತಿಯೂ ಹೋದಳು, ಹೆಂಡತಿಯ ಹಾಡೂ ಹೋಯಿತು. ಸ್ನೋ ಬ್ಲೋವರ್ ಮೊದಲೇ ಹೋಗಿತ್ತು.

ಅವನು ಡ್ರೈವ್‌ವೇ ಅರ್ಧ ಬಗೆದಿದ್ದಾಗ ಸಂಜೆ ಫೋನ್ ಬಂತು. ಅವಳು ಊಟಕ್ಕೆ ಕೂತಿದ್ದಳು. ಹಾಡೇನೋ ಬರುತ್ತಿದೆ, ಕರಕರ ಸರಿಯಾಗಿ ಬರುತ್ತಿಲ್ಲ, ಯಾವ ಗುಂಡಿ ತಿರುಗಿಸಬೇಕು ಎಂದು ಕೇಳಿದಳು. ಕರಕರವನ್ನು ನಿರ್ನಾಮ ಮಾಡಲು ಫರ್ನೇಸ್ ಆರಿಸಿದವನು ಹಿಮದಲ್ಲಿ ನಿಂತು ಅದನ್ನು ಜಾಸ್ತಿ ಮಾಡುವ ವಿಧಾನವನ್ನು ತಾಳ್ಮೆಯಿಂದ ಬೋಧಿಸಿದ. ಬಲಗಡೆ ಕೊನೆಯದು, ಪೂರ್ತಿ ತಿರುಗಿಸು. ತಿರುಗಿಸಿದಳು. ಸಾಲದು ಎಂದಳು.

ನಿರಂಜನ ಜಾಕೆಟ್ಟಿನ ಜೇಬಿನಿಂದ ಒಂದು ಕೋಡುಬಳೆ ತೆಗೆದು, ಫೋನನ್ನು ದವಡೆಗೆ ಒತ್ತಿ ಹಿಡಿದು ಕಡಿದ. ಆ ಕಡೆ ಅವಳು ನಕ್ಕದ್ದು ಕೇಳಿಸಿತು. ಆಮೇಲೆ ನಗು ನಿಂತದ್ದೂ ಕೇಳಿಸಿತು.

“ಮಂಜು, ಹಾಡ್ತೀಯಾ?” ಎಂದ.

ಅವಳು ಹಾಡಿದಳು. ಫೋನಿನಲ್ಲಿ ದನಿ ಸೊರಗಿತ್ತು, ತಿರುಗಿಸಲು ಯಾವ ಗುಂಡಿಯೂ ಇರಲಿಲ್ಲ. ಅವನು ಅಗಿಯುವುದನ್ನು ಬಿಟ್ಟು ಉಸಿರು ಹಿಡಿದು ಕೇಳಿದ. ಪಲ್ಲವಿ ಮುಗಿಯುತ್ತಲೇ ಅವಳು ನಿಲ್ಲಿಸಿ, ಯಾಕೆ ಸದ್ದೇ ಇಲ್ಲ, ಇದ್ದೀರಾ ಎಂದು ಕೇಳಿದಳು. “ಕೇಳ್ತಿದೀನಿ” ಎಂದ. “ಕೇಳ್ತಾ ತಿನ್ನಿ” ಎಂದು ಅವಳು ಚರಣ ಎತ್ತಿಕೊಂಡಳು.

ಆಗ ಎದುರುಮನೆಯ ಗರಾಜಿನಿಂದ ಸ್ನೋ ಬ್ಲೋವರ್ ಗುಡುಗುತ್ತಾ ಹೊರಬಂತು. ನಿಲ್ಲಿಸಿ ಎಂದು ನಿರಂಜನ ಸಲಿಕೆಯನ್ನು ಎತ್ತಿ ಎತ್ತಿ ಬೀಸಿದ. ಪಾಪ ಕರೆಯುತ್ತಿದ್ದಾನೆ ಎಂದುಕೊಂಡ ರವಿಶಂಕರ, ಒಳ್ಳೆಯ ಮನುಷ್ಯ, ಯಂತ್ರವನ್ನು ನೂಕಿಕೊಂಡು ಬೀದಿ ದಾಟಿ ಇವನ ಡ್ರೈವ್‌ವೇಗೇ ಬಂದು, ಅವನ ಸುತ್ತಲೂ ಹಿಮ ತೆಗೆಯಲು ಶುರು ಮಾಡಿದರು. ಫೋನಿನಲ್ಲಿ ಮಂಜರಿ ಎಲ್ಲಿಗೆ ಬಂದಿದ್ದಾಳೋ ಒಂದಕ್ಷರ ಕೇಳಿಸಲಿಲ್ಲ. ತನ್ನ ಸದ್ದಾದರೂ ಅವಳಿಗೆ ಮುಟ್ಟಲಿ ಎಂದು ನಿರಂಜನ ಜೇಬಿಗೆ ಕೈ ಹಾಕಿ ಇನ್ನೊಂದು ಕೋಡುಬಳೆ ತೆಗೆದು ಕಡಿದ.