ಬೂದು ಚುಕ್ಕೆಯ ಮನೆ

ಅಷ್ಟೂ ರಗಳೆಗೆ ಮೂಲ, ಸಾಸಿವೆ ಕಾಳಿನಷ್ಟು ಒಂದು ಬೂದು ಚುಕ್ಕೆ. ಅಕ್ಕನಿಗೆ ದಾರಿ ಕಳಿಸೋಣವೆಂದು ಬೆಳಿಗ್ಗೆ ಫೋನಿನಲ್ಲಿ ಊರಿನ ನಕ್ಷೆ ತೆರೆದರೆ, ಅದು ನಕ್ಷೆರಾಯನ ಮನೆಯ ಮೇಲೇ ಕೂತಿತ್ತು. ಹಸಿರು ಚುಕ್ಕೆಯಾದರೆ ಜನ ಇರುವ ಮನೆ, ಬೂದಾದರೆ ಖಾಲಿ ಮನೆ. ಈ ನಿಯಮ ಮಾಡಿದವರಲ್ಲಿ ಅವನೂ ಒಬ್ಬ.

ನಕ್ಷೆರಾಯ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಆ ಊರಿನಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ವಿಳಾಸ ಕೇಳಿದರೆ "ಸೋಡಾ ಫ್ಯಾಕ್ಟರಿ ಹಿಂದೆ" ಅನ್ನುತ್ತಾರೆ. ಫ್ಯಾಕ್ಟರಿ ಬಿದ್ದುಹೋಗಿ ಯಾವ ಕಾಲವಾಯಿತೋ! ಆಂಬುಲೆನ್ಸ್ ಮನೆ ಹುಡುಕುವಷ್ಟರಲ್ಲಿ ರೋಗಿಯೇ ನಡೆದು ಆಸ್ಪತ್ರೆ ಸೇರಿರುತ್ತಿದ್ದ. ಅದಕ್ಕೇ ಉಪಗ್ರಹದ ಚಿತ್ರ ಮುಂದಿಟ್ಟುಕೊಂಡು, ಮನೆಮನೆಯ ಬಾಗಿಲು ತಟ್ಟಿ, ಎಲ್ಲರ ಫೋನಿಗೂ ಸಿಗುವಂಥ ನಕ್ಷೆ ಮಾಡುವುದು ಇವನ ಕೆಲಸ. ನಸುಕಿನಲ್ಲಿ ಹೊರಟರೆ ಬರುವುದು ಕತ್ತಲಾದ ಮೇಲೆ. ಊರವರ ಬಾಗಿಲೆಲ್ಲ ತಟ್ಟಿದ ಈ ಪುಣ್ಯಾತ್ಮನ ಬಾಗಿಲು ತಟ್ಟುವವರು ಮಾತ್ರ ಯಾರೂ ಇರಲಿಲ್ಲ.

ಅಮ್ಮ ತೀರಿಕೊಂಡಾಗಿನಿಂದ ಮಾತು ಬಿಟ್ಟಿದ್ದ ಅಕ್ಕ ನಿನ್ನೆ ತಾನಾಗಿಯೇ ಫೋನ್ ಮಾಡಿದ್ದಳು. "ನಾಳೆ ಮಧ್ಯಾಹ್ನ ಬರ್ತೀನಿ ಕಣೋ. ಒಬ್ಬನೇ ಹೇಗಿದ್ದೀಯೋ ನೋಡ್ಬೇಕು. ಬಸ್ ಸ್ಟ್ಯಾಂಡಿಗೆ ಬರ್ಬೇಡ. ಊರಿಗೆಲ್ಲ ದಾರಿ ತೋರಿಸ್ತೀಯಂತಲ್ಲ, ನಿನ್ನ ನಕ್ಷೆ ಹಿಡ್ಕೊಂಡೇ ಬರ್ತೀನಿ."

ಸಂತೋಷಕ್ಕೆ ಅವನಿಗೆ ನಿದ್ದೆ ಬಂದಿರಲಿಲ್ಲ. ಮನೆಯಲ್ಲೇ ಇರಬಹುದೆಂದು ಉಪಾಯ ಮಾಡಿ, ಇವತ್ತು ತನ್ನ ಬೀದಿಯ ಪರಿಶೀಲನೆಯನ್ನೇ ಕೇಳಿ ಹಾಕಿಸಿಕೊಂಡಿದ್ದ. ಈಗ ನೋಡಿದರೆ ಈ ಗ್ರಹಚಾರ. ಬೂದು ಚುಕ್ಕೆಗೆ ಯಾವ ಆಟೋದವನೂ ಬರುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದರೆ ಇದೇ ಇರಬೇಕು.

ಆಫೀಸಿನ ಮೇಡಂಗೆ ಫೋನ್ ಹಚ್ಚಿದ.

"ನಮ್ಮ ಸರ್ವೆಯವರು ಮೂರು ಸಲ ಬಂದಾಗಲೂ ಬೀಗ ಇತ್ತಂತೆ ರೀ. ಎದುರುಗಡೆ ಟೈಲರ್‌ನ ಕೇಳಿದ್ದಕ್ಕೆ ಯಾರೂ ಇಲ್ಲ ಅಂದ್ರಂತೆ. ಬದಲಾಯಿಸ್ಬೇಕಾದ್ರೆ ಒಳಗಿಂದ ಯಾರಾದ್ರೂ ಬಾಗಿಲು ತೆಗೀಬೇಕು, ಪರಿಶೀಲಕರು ಹೊರಗಿಂದ ಫೋಟೋ ಹೊಡೀಬೇಕು."

"ಇವತ್ತು ಪರಿಶೀಲಕ ನಾನೇ ಅಲ್ವಾ ಮೇಡಂ?"

"ನೀವೇ ಕೇಳಿ ಹಾಕಿಸ್ಕೊಂಡ್ರಲ್ಲ!"

ನಕ್ಷೆರಾಯ ಹೊರಗೆ ಬಂದು ತನ್ನದೇ ಬಾಗಿಲ ಮುಂದೆ ನಿಂತ. ಅಭ್ಯಾಸಬಲದಿಂದ ಎರಡು ಸಲ ತಟ್ಟಿಯೂ ಬಿಟ್ಟ. ಯಾರು ತೆಗೆಯಬೇಕು, ಪಾಪ! ಸೀದಾ ಎದುರಿನ ಟೈಲರ್ ಅಂಗಡಿಗೆ ನಡೆದ.

"ನಾನು ಇಲ್ಲೇ ಇರ್ತೀನಲ್ಲ ಸ್ವಾಮಿ, ಯಾರೂ ಇಲ್ಲ ಅಂತ ಹೇಗೆ ಹೇಳಿದ್ರಿ?"

ಟೈಲರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದ. "ಅಯ್ಯೋ, ನೀವು ಮನೆಯವರಾ? ರಾತ್ರಿ ಬರ್ತೀರಿ, ಬೆಳಗಾಗೋದ್ರೊಳಗೆ ಹೋಗ್ತೀರಿ. ನಾನು ವಾಚ್‌ಮನ್ ಅಂದ್ಕೊಂಡಿದ್ದೆ!"

ಹೇಗೂ ಚುಕ್ಕೆ ಹಸಿರಾಗುತ್ತದೆಂದು ನಕ್ಷೆರಾಯ ಮೊದಲು ಅಕ್ಕನಿಗೆ ದಾರಿ ಕಳಿಸಿದ. ಆಮೇಲೆ ಫೋನನ್ನು ಟೈಲರ್ ಕೈಗೆ ಕೊಟ್ಟು, ತಾನು ಒಳಗೆ ಹೋಗಿ ಬಾಗಿಲು ತೆಗೆದ. ಮೊದಲ ಫೋಟೋದಲ್ಲಿ ಟೈಲರ್‌ನ ಹೆಬ್ಬೆರಳು ಬಿತ್ತು. ಎರಡನೆಯದರಲ್ಲಿ ಬರೀ ಬಾಗಿಲ ಚಿಲಕ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದು, ಅಕ್ಕ ಬರುವ ಕಥೆಯನ್ನೆಲ್ಲ ಕೇಳಿಕೊಂಡರು.

"ಒಬ್ಬನೇ ಹೀಗೆ ಇಣುಕಿದ್ರೆ ಕಳ್ಳನ ಹಾಗೆ ಕಾಣ್ತೀಯಪ್ಪ. ಮನೆ ಅಂದ ಮೇಲೆ ನಾಲ್ಕು ಜನ ಇರ್ಬೇಕು. ತಡಿ, ನಾನೂ ನಿಲ್ತೀನಿ."

ಮೇಷ್ಟ್ರು ನಿಂತರೆ ಅವರ ಹೆಂಡತಿ ಬಿಡುತ್ತಾರೆಯೇ? ಒಳಗೆ ಬಂದು ಕಣ್ಣಾಡಿಸಿದರು. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ.

"ಅಕ್ಕ ಬರ್ತಿದಾಳೆ ಅಂತೀಯ, ಇದೇನೋ ಇದು? ಅವಳು ಬಂದ್ರೆ ನೀನು ನಿಂತಿರ್ತೀಯೋ, ಅವಳನ್ನ ನಿಲ್ಲಿಸ್ತೀಯೋ?"

ನೋಡನೋಡುತ್ತಲೇ ಬೀದಿಯೆಲ್ಲ ಸೇರಿತು. ಒಬ್ಬರು ಎರಡು ಕುರ್ಚಿ ತಂದರು, ಇನ್ನೊಬ್ಬರು ಬೆಂಚು, ಮತ್ತೊಬ್ಬರು ಟೀ ಕೆಟಲ್ಲು. ತಂದವರೆಲ್ಲ ಕೂತರು. ಮೇಷ್ಟ್ರು ಎದ್ದು ಭಾಷಣವನ್ನೇ ಆರಂಭಿಸಿದರು. ಹೊರಗಿನಿಂದ ಟೈಲರ್ ಪಟಪಟನೆ ಫೋಟೋ ಹೊಡೆದು ಆಫೀಸಿಗೆ ಕಳಿಸಿದ. ಸ್ವಲ್ಪ ಹೊತ್ತಿಗೇ ಕುಣಿದಾಡುತ್ತ ಕೂಗಿದ:

"ಬೂದು ಹೋಯ್ತು ಸಾರ್! ಚುಕ್ಕೆಗೆ ಬಣ್ಣ ಬಂತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆರಾಯನಿಗೆ ಕಣ್ಣು ತುಂಬಿ ಬಂತು. ಈ ಮನೆಯಲ್ಲಿ ಇಷ್ಟು ಜನರ ಸದ್ದು ಅವನು ಕೇಳಿದ್ದೇ ಇಲ್ಲ. ಅಕ್ಕ ಈಗ ಬರಲಿ, ಈ ಗಳಿಗೆಯಲ್ಲೇ ಬರಲಿ, ಒಬ್ಬನೇ ಇದ್ದೀಯ ಅಂತ ಹೇಗೆ ಅಂತಾಳೋ ನೋಡೋಣ ಎಂದುಕೊಂಡು ಎಲ್ಲರಿಗೂ ಟೀ ಹಂಚಿದ. ಕೈ ಪಳಗಿದ ಖುಷಿಗೆ ಟೈಲರ್ ಇನ್ನೂ ಫೋಟೋ ಹೊಡೆಯುತ್ತಲೇ ಇದ್ದ.

ಬಿಸಿಲು ಇಳಿದರೂ ಅಕ್ಕನ ಸುಳಿವಿಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಹೊರಟರು. ಕೊನೆಗೆ ಟೈಲರ್ ಫೋನ್ ವಾಪಸ್ ಕೊಟ್ಟ.

"ಯಾರೋ 'ಅಕ್ಕ' ಅಂತ ಸಾರ್, ಮತ್ತೆ ಮತ್ತೆ ಬರ್ತಿತ್ತು. ಫೋಟೋ ಕೆಡುತ್ತೆ ಅಂತ ಕಟ್ ಮಾಡ್ತಾ ಇದ್ದೆ."

ನಕ್ಷೆರಾಯ ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದ. ಆ ಕಡೆ ಬಸ್ಸಿನ ಸದ್ದು.

"ಬಂದಿದ್ದೆ ಕಣೋ. ಆಟೋದವನು ಇಲ್ಲಿ ಮನೆ ಇಲ್ಲಮ್ಮ, ಸಮುದಾಯ ಭವನ ಅಂದ. ನೋಡಿದ್ರೆ ಒಳಗೆ ಯಾವುದೋ ಸಭೆ, ಯಾರೋ ಭಾಷಣ ಮಾಡ್ತಿದ್ರು. ನಿಂಗೆ ಫೋನ್ ಮಾಡಿದ್ರೆ ಕಟ್ ಮಾಡ್ತಿದ್ದೀಯ. ಇನ್ನೂ ಕೋಪ ಇದೆ ಅಂತ ನೇರವಾಗಿ ಹೇಳ್ಬಾರ್ದಿತ್ತಾ?"

"ಅಯ್ಯೋ ಅಕ್ಕಾ, ಅದು ನಮ್ಮನೇನೇ..."

"ಇರ್ಲಿ ಬಿಡು. ಮನೆ ಅಂತ ಒಂದು ಆದ್ಮೇಲೆ ಹೇಳು, ಬರ್ತೀನಿ." ಫೋನ್ ಇಟ್ಟಳು.

ನಕ್ಷೆರಾಯ ನಕ್ಷೆ ತೆರೆದ. ಚುಕ್ಕೆ ಹಸಿರಾಗಿರಲಿಲ್ಲ, ನೀಲಿಯಾಗಿತ್ತು. ಅಷ್ಟು ಕುರ್ಚಿ, ಅಷ್ಟು ಜನ, ನಡುವೆ ಭಾಷಣ ನೋಡಿದ ಮೇಡಂ ಮನೆ ಅಂತ ಹೇಗೆ ನಂಬಿಯಾರು? 'ಸಮುದಾಯ ಭವನ. ವಾಸವಿರುವವರು: ಇಲ್ಲ.' ಬೀದಿಯ ಪರಿಶೀಲನೆ ಇವತ್ತಿಗೆ ಮುಗಿಯಿತು, ತಿದ್ದಬೇಕಾದರೆ ಇನ್ನು ಮುಂದಿನ ವರ್ಷದ ಸರ್ವೆಯೇ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಬಸ್ ಇಳಿದು ವಾಪಸ್ ಬಂದಳೇನೋ ಎಂದು ಬಿದ್ದು ಎದ್ದು ಓಡಿದ. ಹೊರಗೆ ಗುರುತಿಲ್ಲದ ಇಬ್ಬರು ನಿಂತಿದ್ದರು.

"ನಮ್ಮ ಸಂಘದ ಮೀಟಿಂಗ್‌ಗೆ ಜಾಗ ಬೇಕಿತ್ತು. ನಕ್ಷೇಲಿ ನೋಡ್ಕೊಂಡು ಸೀದಾ ಬಂದ್ವಿ, ಎಷ್ಟು ಚೆನ್ನಾಗಿ ಮಾಡಿದಾರೆ ರೀ! ಇಲ್ಲಿ ವಾಚ್‌ಮನ್ ನೀವೇನಾ?"

ನಕ್ಷೆರಾಯ ಹಿಂದಕ್ಕೆ ತಿರುಗಿ ಒಳಗೆ ಉಳಿದಿದ್ದ ಒಂದೇ ಕುರ್ಚಿಯನ್ನು ನೋಡಿದ.

"ಹೌದು," ಅಂದ. "ಬನ್ನಿ, ಟೀ ಕುಡ್ಕೊಂಡು ಹೋಗಿ. ಯಾವತ್ತು ಬೇಕು ಹೇಳಿ, ಎಲ್ಲ ದಿನಾನೂ ಖಾಲೀನೇ ಇರುತ್ತೆ."